ನಮ್ಮೂರ ಕೆರೆಯಲ್ಲಿ ಫ್ಯಾನು ದೋಣಿ

ಮೂವತ್ತು ವರ್ಷ ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ. ವರ್ಷಕ್ಕೊಂದು ಸಲ ಬಲೂನು ಊದಿ ಕೈಬಿಡುತ್ತಿದ್ದೆ. ಅದು ಹುಚ್ಚೆದ್ದು ಕ್ಲಾಸೆಲ್ಲ ಸುತ್ತಿ ಯಾರದೋ ತಲೆಯ ಮೇಲೆ ಬೀಳುತ್ತಿತ್ತು. "ಗಾಳಿ ಹಿಂದಕ್ಕೆ ಹೋಯ್ತು, ಬಲೂನು ಮುಂದಕ್ಕೆ ಹೋಯ್ತು, ಬರ್ಕೊಳ್ಳಿ" ಅನ್ನುತ್ತಿದ್ದೆ. ಚಲನೆಯ ಮೂರನೇ ನಿಯಮ ಅಲ್ಲಿಗೆ ಮುಗಿಯಿತು. ಆ ನಿಯಮವನ್ನು ನಂಬಿ ಒಂದು ಸಾಮಾನನ್ನಾದರೂ ನನ್ನ ಕೈಯಾರೆ ಮಾಡಿದವಳಲ್ಲ. ಮನೆಯಲ್ಲಿ ಫ್ಯೂಸು ಹೋದರೆ ಪಕ್ಕದ ಮನೆಯವರನ್ನು ಕೂಗುವ ವಿಜ್ಞಾನದ ಮೇಷ್ಟ್ರಮ್ಮ ನಾನು.

ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಜೊತೆಗೊಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಇನ್ನು ಯಾವ ಬೆಲ್ಲೂ ಇಲ್ಲದವಳಿಗೆ ಗಡಿಯಾರ! ಮದ್ದೂರು ರಸ್ತೆಯಲ್ಲಿ ಬಸ್ಸಿಳಿದು ನಮ್ಮೂರಿಗೆ ನಡೆದು ಬಂದರೆ ಬೀದಿಯವರದೆಲ್ಲ ಒಂದೇ ಮಾತು: "ಇನ್ನಾದ್ರೂ ಆರಾಮಾಗಿರಿ ಮೇಷ್ಟ್ರಮ್ಮ." ಆರಾಮ ಅಂದರೆ ಏನೆಂದು ಎರಡು ತಿಂಗಳಲ್ಲಿ ಗೊತ್ತಾಯಿತು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಬಂದವರಿಗೆಲ್ಲ ಕಾಫಿ ಕಾಯಿಸುವುದು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಮೂರನೇ ತಿಂಗಳು ಹಿಟ್ಟಿನ ಡಬ್ಬಕ್ಕೂ ಬೈಯಲು ಶುರು ಮಾಡಿದ್ದೆ.

ಅಂಥ ಒಂದು ಮಧ್ಯಾಹ್ನ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಚಪ್ಪಟೆ ದೋಣಿ, ಅದರ ಬೆನ್ನ ಮೇಲೊಂದು ಫ್ಯಾನು. ಯಾರೋ ದಡದಲ್ಲಿ ನಿಂತು ರಿಮೋಟು ಹಿಡಿದಿದ್ದಾರೆ, ಅದು ನೀರಿನ ಮೇಲೆ ಜಾರಿಕೊಂಡು ಓಡುತ್ತಿದೆ. ಏರ್‌ಬೋಟ್ ಅನ್ನುತ್ತಾರಂತೆ. ನಾನು ಎದ್ದು ಕೂತೆ. ನಮ್ಮೂರ ಕೆರೆಯ ಅರ್ಧ ಭಾಗ ಅಂತರಗಂಗೆ ಗಿಡ. ಮಾಮೂಲು ಮೋಟರು ದೋಣಿಯ ರೆಕ್ಕೆ ನೀರೊಳಗೆ ತಿರುಗುತ್ತದೆ, ಬೇರಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಇದರ ರೆಕ್ಕೆ ಗಾಳಿಯಲ್ಲಿರುವುದರಿಂದ ಗಿಡದ ಮೇಲೂ ಹೋಗಬಲ್ಲದು. ನನ್ನ ಬಲೂನಿನದೇ ಕೆಲಸ, ಬರೀ ಗಾತ್ರ ದೊಡ್ಡದು ಅಷ್ಟೆ.

ಮೋಟರು, ರೆಕ್ಕೆ, ಬ್ಯಾಟರಿ, ರಿಮೋಟು ಇವನ್ನು ಮಂಡ್ಯದ ಒಂದು ಎಲೆಕ್ಟ್ರಾನಿಕ್ ಅಂಗಡಿಯಿಂದ ತಂದೆ. ಅಂಗಡಿಯವರು ನನ್ನ ವಯಸ್ಸಿನವರೇ. "ಮೊಮ್ಮಗನಿಗಾ ಮೇಡಂ?" ಅಂದರು. "ನನಗೇ" ಅಂದೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು, ಆಮೇಲೆ ಕುರ್ಚಿ ಕೊಟ್ಟು ಬೆಸುಗೆ ಹಾಕುವುದನ್ನು ಕಲಿಸಿದರು. ಎರಡು ಬೆರಳು ಸುಟ್ಟುಕೊಂಡೆ. ಖುಷಿಯೋ ಖುಷಿ.

ಉಳಿದದ್ದೆಲ್ಲ ಮನೆಯ ಸಾಮಾನು. ಟಿ.ವಿ. ಪೆಟ್ಟಿಗೆಯ ಥರ್ಮಾಕೋಲಿನಿಂದ ಒಡಲು. ಅದರ ತಳಕ್ಕೆ ನುಣುಪಾಗಿರಲೆಂದು ಹಳೆಯ ಫ್ಲೆಕ್ಸು ಅಂಟಿಸಿದೆ. ನಮ್ಮ ಕಡೆ ಫ್ಲೆಕ್ಸಿಗೆ ಬರವೇ? ನನ್ನ ಪಾಲಿಗೆ ಬಂದದ್ದರಲ್ಲಿ ಯಾರೋ ಮುಖಂಡರ ಅರ್ಧ ಮೀಸೆ ಮತ್ತು "ಹಾರ್ದಿಕ ಶುಭಾ" ಅನ್ನುವಷ್ಟು ಅಕ್ಷರ ಇತ್ತು. ಪರೀಕ್ಷೆಗೆ ಬರೆಯುವ ರಟ್ಟಿನ ಪ್ಯಾಡು ಕತ್ತರಿಸಿ, ದಿಕ್ಕು ತಿರುಗಿಸುವ ಎರಡು ಪಟ್ಟಿ ಮಾಡಿದೆ. ರೆಕ್ಕೆಯ ಸುತ್ತ ಬಳೆಯ ಹಾಗೆ ರಾಗಿ ಹಿಟ್ಟಿನ ಜರಡಿ ಕೂರಿಸಿದೆ, ಬಲೆ ಕಿತ್ತುಹಾಕಿ. ಆ ರಾತ್ರಿಯ ಮುದ್ದೆಯಲ್ಲಿ ಹೊಟ್ಟು ಸಿಕ್ಕಿತು. ನಮ್ಮನೆಯವರು ನುಂಗದೆ ನನ್ನ ಮುಖ ನೋಡಿದರು.

ನಮ್ಮನೆಯವರು ರೈತರು. ಕಬ್ಬು, ಭತ್ತ, ಎರಡು ಹಸು. ಮಾತು ಕಡಿಮೆ, ಆಡಿದರೆ ಕೊಡಲಿ ಪೆಟ್ಟು. ನಾನು ದುಡಿಯುತ್ತಿದ್ದಷ್ಟು ಕಾಲ ನನ್ನ ಕೆಲಸದ ಬಗ್ಗೆ ಒಂದು ಮಾತು ಆಡಿದವರಲ್ಲ. ಈಗ ಹಜಾರದ ತುಂಬ ಥರ್ಮಾಕೋಲಿನ ಕಾಳು ಹಾರಾಡುವುದನ್ನು ಕಂಡು, "ಏನಮ್ಮಿ ಇದು, ಕೋಳಿ ಪುಕ್ಕ ಕಿತ್ತಂಗೆ?" ಅಂದಿದ್ದರು.

ಮೊದಲ ಪರೀಕ್ಷೆಗೆ ನನಗೆ ಕೆರೆಯ ಧೈರ್ಯ ಬರಲಿಲ್ಲ. ನಮ್ಮನೆಯವರು ಗದ್ದೆಯನ್ನು ಉತ್ತು, ಹಲಗೆ ಹೊಡೆದು ಮಟ್ಟ ಮಾಡಿ, ಎರಡು ಬೆರಳು ನೀರು ನಿಲ್ಲಿಸಿದ್ದರು. ಮಾರನೆಯ ದಿನ ನಾಟಿ. ಕನ್ನಡಿಯ ಹಾಗೆ ಬಿದ್ದಿದ್ದ ಗದ್ದೆಯನ್ನು ನೋಡಿ ನನ್ನ ಕೈ ತಡೆಯಲಿಲ್ಲ. ಪೈರು ಕೀಳುತ್ತಿದ್ದ ಹೆಂಗಸರೆಲ್ಲ ಬದುವಿನ ಮೇಲೆ ಬಂದು ನಿಂತರು. ನಾನು ಮೇಷ್ಟ್ರ ಗತ್ತಿನಲ್ಲಿ, "ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತೆ, ದೋಣಿ ಮುಂದಕ್ಕೆ ಹೋಗುತ್ತೆ, ನೋಡಿ" ಅಂತ ಪಾಠ ಹೇಳಿ ರಿಮೋಟು ಒತ್ತಿದೆ.

ದೋಣಿ ಹಿಂದಕ್ಕೆ ಹೋಯಿತು. ಸರ್ರಂತ ಹಿಂದಕ್ಕೆ ಬಂದು ನನ್ನ ಕಾಲ ಬಳಿಯ ಬದುವಿಗೇ ಬಡಿಯಿತು.

"ಮೇಷ್ಟ್ರಮ್ಮ, ನಿಮ್ ದೋಣಿ ಮನೆಗೋಯ್ತೀನಿ ಅಂತದೆ ಕಣಿ!" ಅಂದಳು ಒಬ್ಬಳು. ನಗು ಅಂದರೆ ನಗು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಅಂಗಡಿಯವರನ್ನು ಬೈದೆ. ತಪ್ಪು ನನ್ನದೇ. ಮೋಟರಿನ ಮೂರು ವೈರುಗಳಲ್ಲಿ ಯಾವ ಎರಡನ್ನು ಅದಲು ಬದಲು ಮಾಡಿದರೂ ತಿರುಗುವ ದಿಕ್ಕು ಬದಲಾಗುತ್ತದೆ. ನಾನು ಉಲ್ಟಾ ಸೇರಿಸಿದ್ದೆ. ಅಲ್ಲೇ ಕೂತು ಬದಲಾಯಿಸಿ ಮತ್ತೆ ಬಿಟ್ಟೆ. ಈ ಸಲ ಮುಂದಕ್ಕೆ ಹಾರಿತು, ಗದ್ದೆಯ ನಟ್ಟನಡುವೆ ಒಂದು ಹೆಂಟೆಗೆ ತಾಗಿ ಮಗುಚಿಕೊಂಡಿತು. ಹಿಂದೆಮುಂದೆ ನೋಡದೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಮಟ್ಟ ಮಾಡಿದ ಗದ್ದೆಯಲ್ಲಿ ಮೊಣಕಾಲುದ್ದದ ಹಳ್ಳಗಳು, ಹೋಗುವಾಗೊಂದು ಸಾಲು, ಬರುವಾಗೊಂದು ಸಾಲು. ಬರುವ ಸಾಲಿನ ಕೊನೆಗೆ ನಮ್ಮನೆಯವರು ನಿಂತಿದ್ದರು.

"ಲೇ, ಹಲಗೆ ಹೊಡ್ದಿರೋ ಗದ್ದೇನ ಎಮ್ಮೆ ಹೊಕ್ಕಂಗೆ ತುಳ್ದಾಕಿದೀಯಲ್ಲ! ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಸರ್ಯಾಗಿ ಅರವತ್ತಕ್ಕೇ ಬಂತು. ಮಡಗು ಇದ್ನ ಅಟ್ಟದ್ ಮ್ಯಾಲೆ."

ಅಷ್ಟು ಜನರ ಎದುರಿಗೆ. ನನಗೆ ತಲೆ ಕಾದುಹೋಯಿತು. "ಆಯುಧಪೂಜೆ ದಿನ ಸಾಯಂಕಾಲ ಕೆರೆ ತೂಬಿನಿಂದ ಆಚೆ ದಡದ ಮೆಟ್ಟಿಲಿಗೆ ಇದನ್ನ ಓಡಿಸ್ತೀನಿ" ಅಂದೆ. "ಮುಟ್ಟಲಿಲ್ಲ ಅಂದ್ರೆ ನಾನೇ ಅಟ್ಟಕ್ಕೆ ಹಾಕಿ ಇನ್ನು ಈ ಸುದ್ದಿ ಎತ್ತಲ್ಲ."

"ಮುಟ್ಟಿದ್ರೆ?"

"ಮುಟ್ಟಿದ್ರೆ ನಾನು ಇರೋ ತನಕ ಏನು ಬೇಕಾದ್ರೂ ಮಾಡ್ಕೊಂಡಿರ್ತೀನಿ. ನೀವು ತುಟಿ ಬಿಚ್ಚಂಗಿಲ್ಲ."

"ಆಗ್ಲಿ ಬುಡು" ಅಂದು ಸನಿಕೆ ಎತ್ತಿಕೊಂಡು ನನ್ನ ಹೆಜ್ಜೆಗಳನ್ನು ಮುಚ್ಚಲು ಹೋದರು.

ಬರೀ ಆಟದ ಸಾಮಾನಿಗಾಗಿ ಅಷ್ಟು ಹಟ ಮಾಡಲಿಲ್ಲ ನಾನು. ಆ ದೋಣಿ ಅಟ್ಟ ಹತ್ತಿದರೆ ನಾನು ಉಳಿದ ಆಯುಷ್ಯವೆಲ್ಲ ಸೊಪ್ಪಿನ ಮುಂದೆ ಕೂತಿರುತ್ತೇನೆ ಅನ್ನುವ ಭಯ ಇತ್ತು. ಮುಂದಿನ ಎರಡು ತಿಂಗಳು ನಾಲೆ ಪಕ್ಕದ ಹೊಂಡದಲ್ಲಿ ದಿನವೂ ಓಡಿಸಿ ಕಲಿತೆ. ಅದಕ್ಕೆ ಬ್ರೇಕಿಲ್ಲ. ತಿರುಗಿಸಬೇಕಾದ ಜಾಗ ಬರುವ ಮೊದಲೇ ತಿರುಗಿಸಬೇಕು, ಇಲ್ಲದಿದ್ದರೆ ಜಾರಿಕೊಂಡು ಹೋಗಿ ದಡ ಹತ್ತುತ್ತದೆ. ಎಷ್ಟು ಸಲ ದಡ ಹತ್ತಿಸಿದೆನೋ.

ಆಯುಧಪೂಜೆಯ ಬೆಳಿಗ್ಗೆ ನಮ್ಮನೆಯವರು ಅಂಗಳದಲ್ಲಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಟಿಲ್ಲರು, ಸ್ಕೂಟರು, ಸನಿಕೆ, ಕುಡುಗೋಲು. ನಾನು ಸಾಲಿನ ಕೊನೆಗೆ ದೋಣಿಯನ್ನು ಇಟ್ಟು ಒಳಗೆ ಹೋದೆ. ಒಗ್ಗರಣೆ ಹಾಕಿ ಬಂದು ನೋಡಿದರೆ ಅದಕ್ಕೂ ಅರಿಶಿನ ಕುಂಕುಮ ಬಿದ್ದಿದೆ, ಜರಡಿಯ ಬಳೆಗೆ ಒಂದು ಮೊಳ ಚೆಂಡುಹೂವು ಸುತ್ತಿ ಕಟ್ಟಿದ್ದಾರೆ. ಟಿಲ್ಲರಿಗೆ ಕಟ್ಟಿದ ಹಾಗೆಯೇ. ನಾನು ಮೂವತ್ತು ವರ್ಷ ಮಕ್ಕಳಿಗೆ, "ಯಂತ್ರಕ್ಕೆ ಬೇಕಾದ್ದು ಎಣ್ಣೆ, ಹೂವಲ್ಲ" ಅಂತ ಹೇಳಿದವಳು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಆ ಹೂವನ್ನು ಬಿಚ್ಚಲು ನನಗೆ ಮನಸ್ಸೇ ಬರಲಿಲ್ಲ. ನಮ್ಮನೆಯವರು ಅದನ್ನೂ ಒಂದು ವಾಹನ ಅಂತ ಲೆಕ್ಕಕ್ಕೆ ತೆಗೆದುಕೊಂಡರಲ್ಲ ಎಂದು ಕಣ್ಣು ತುಂಬಿ ಬಂದಿತ್ತು. ಸಾಯಂಕಾಲ ಹೂವಿನ ಸಮೇತವೇ ಕೆರೆಗೆ ಹೊತ್ತುಕೊಂಡು ಹೋದೆ.

ಹಬ್ಬದ ದಿನ, ಯಾರಿಗೂ ಕೆಲಸವಿಲ್ಲ. ಏರಿಯ ಮೇಲೆ ಅರ್ಧ ಊರೇ ಇತ್ತು. ಆಚೆ ದಡದ ಮೆಟ್ಟಿಲ ಮೇಲೆ ಬಿಂದಿಗೆ ಬೆಳಗುತ್ತಿದ್ದ ಹೆಂಗಸರೂ ಎದ್ದು ನಿಂತರು. ತೂಬಿನ ಬಳಿ ನೀರಿಗೆ ಇಳಿಸಿ ರಿಮೋಟು ಒತ್ತಿದೆ. ದೋಣಿ ಮೂತಿ ಎತ್ತಿ ಓಡಿತು. ಅರ್ಧ ಕೆರೆ ದಾಟಿತು. ಗಿಡದ ಅಂಚಿಗೆ ಬಂದಾಗ ಪೂರ್ತಿ ವೇಗ ಕೊಟ್ಟೆ.

ಫ್ಯಾನು ಮುಂದಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಸಡಿಲವಾಗಿದ್ದ ಹೂವಿನ ಸರವನ್ನೂ ಎಳೆದುಕೊಂಡಿತು. ಕೆರೆಯ ನಡುವೆ ಹಳದಿ ಎಸಳು ಮಳೆಯ ಹಾಗೆ ಹಾರಿತು. ಕುಂಯ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ದಾರ ಮೋಟರಿಗೆ ಸುತ್ತಿಕೊಂಡಿತ್ತು. ಜರಡಿಗೆ ಬಲೆ ಇದ್ದಿದ್ದರೆ ತಡೆಯುತ್ತಿತ್ತು. ಅದನ್ನು ಕಿತ್ತವಳು ನಾನೇ.

ಯಾರೋ ಒಬ್ಬ ಹಿಂದಿನಿಂದ, "ಗೆಲ್ಬಾರ್ದು ಅಂತ ಬೇಕಂತ್ಲೇ ಕಟ್ಟವ್ರೆ ಕಣ್ಲಾ ಹೂವ" ಅಂದ. ನಾಲ್ಕು ಜನ ನಕ್ಕರು. ಒಂದು ಗಳಿಗೆ ನಾನೂ ಹಾಗೇ ಅಂದುಕೊಂಡು ನಮ್ಮನೆಯವರ ಕಡೆ ತಿರುಗಿ ಕೆಂಡದಂತೆ ನೋಡಿದೆ. ಅವರ ಮುಖ ಕಪ್ಪಿಟ್ಟಿತ್ತು. ನನ್ನ ನೋಟ ಅವರಿಗೆ ಎಲ್ಲಿ ನಾಟಿತೋ, ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿದರು. ಮೀನು ಹಿಡಿಯುವವರ ತೆಪ್ಪ ದಡದಲ್ಲೇ ಇತ್ತು. ಅದಕ್ಕೆ ಹತ್ತಿ, ತಾವೇ ಹುಟ್ಟು ಹಾಕಿಕೊಂಡು ನಡುಗೆರೆಗೆ ಹೋದರು. ಅವರಿಗೆ ಈಜು ಬಾರದು ಅನ್ನುವುದು ಏರಿಯ ಮೇಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತು. ತೆಪ್ಪ ಎರಡು ಸಲ ಗಿರಗಿರ ತಿರುಗಿತು. ನನಗೆ ದೋಣಿಯೂ ಬೇಡ, ಪಂದ್ಯವೂ ಬೇಡ, ಇವರು ದಡಕ್ಕೆ ಬಂದರೆ ಸಾಕು ಅನ್ನಿಸಿತು. "ಬಿಟ್ಟು ಬನ್ನಿ" ಅಂತ ಕೂಗಿಕೊಂಡೆ.

ದೋಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದರು. ತೂಬಿನ ಕಲ್ಲಿನ ಮೇಲೆ ಕೂತು, ಯಾರದೋ ಚಾಕು ಈಸಿಕೊಂಡು ದಾರವನ್ನು ಒಂದೊಂದೇ ಎಳೆ ಬಿಡಿಸಿದರು. ಹಸುವಿನ ಕಾಲಿನ ಮುಳ್ಳು ತೆಗೆಯುವಾಗ ಹೀಗೆಯೇ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇದು ಲೆಕ್ಕಕ್ಕಿಲ್ಲ. ನನ್ ತಪ್ಪು. ಇನ್ನೊಂದ್ ಕಿತ ಬುಡು."

"ನೀವು ಸೋತುಹೋದ್ರೆ?" ಅಂದೆ. ನಗು ಬರಲಿ ಅಂತ ಅಂದದ್ದು.

"ಬುಡಮ್ಮಿ ಮೊದ್ಲು. ಹೊತ್ತು ಮುಳುಗ್ತಾ ಅದೆ."

ಬಿಟ್ಟೆ. ಗಿಡದ ಅಂಚು ಬಂತು. ದೋಣಿ ಅದರ ಮೇಲೆ ಹತ್ತಿತು, ಒಂದು ಕ್ಷಣ ಒದ್ದಾಡಿತು, ಆಮೇಲೆ ಎಲೆಗಳನ್ನು ಸವರಿಕೊಂಡು ಸುಯ್ಯನೆ ಹೊರಟಿತು. ನೀರುಕೋಳಿಗಳು ಬಾಯಿ ಬಡಿದುಕೊಂಡು ಎದ್ದು ಹೋದವು. ಮೆಟ್ಟಿಲು ಹತ್ತಿರವಾದಾಗ ವೇಗ ಇಳಿಸಲು ನಾನೇ ಮರೆತೆ. ದೋಣಿ ಮೊದಲ ಮೆಟ್ಟಿಲಿಗೆ ಢಣ್ಣನೆ ಹೊಡೆಯಿತು. ಅಲ್ಲಿದ್ದ ಒಬ್ಬಾಕೆ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಳು. "ಬಂತು ಕಣಮ್ಮೋ!" ಏರಿಯ ಮೇಲೆ ಶಿಳ್ಳೆ, ಕೇಕೆ. ಅರವತ್ತರ ನಿವೃತ್ತ ಶಿಕ್ಷಕಿ ನಾನು, ಎರಡೂ ಕಾಲಲ್ಲಿ ಕುಣಿದೆ. ನಾಚಿಕೆ ಅನ್ನುವುದು ಹತ್ತಿರ ಸುಳಿಯಲಿಲ್ಲ.

ಆಕೆ ದೋಣಿಯ ಮೂತಿಯನ್ನು ನಮ್ಮ ಕಡೆ ತಿರುಗಿಸಿ ನೀರಿಗೆ ಬಿಟ್ಟಳು. ಆಗ ಪಕ್ಕದಲ್ಲಿ ನಮ್ಮನೆಯವರು ಕೆಮ್ಮಿದರು. "ಎಲ್ಲಿ, ಇಲ್ಲಿ ಕೊಡು ಒಂದ್ ಗಳಿಗೆ."

ಕೊಟ್ಟೆ. ನಾನು ಎರಡು ತಿಂಗಳು ಒದ್ದಾಡಿ ಕಲಿತದ್ದನ್ನು ಆ ಮನುಷ್ಯ ರಿಮೋಟು ಹಿಡಿದು ನಿಂತ ನಿಲುವಿನಲ್ಲಿ ಮಾಡಿದರು. ಕೆಸರಿನಲ್ಲಿ ಟಿಲ್ಲರು ಜಾರುವುದನ್ನು ಜೀವಮಾನವಿಡೀ ಕಂಡ ಕೈ. ತಿರುವು ಬರುವ ಮೊದಲೇ ತಿರುಗಿಸಿ, ಗಿಡದ ಮಧ್ಯೆ ಹಾವಿನಂತೆ ತಂದರು. ದಡಕ್ಕೆ ತಂದವರು ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು, ಆಮೇಲೆ ಮತ್ತೊಂದು ಸುತ್ತು.

"ಕೊಡಿ ಇನ್ನ" ಅಂದೆ.

"ತಡಿ."

"ಗೆದ್ದೋಳು ನಾನು."

"ಗೆದ್ದಿದೀಯ ಬುಡು, ಯಾರು ಇಲ್ಲ ಅಂದೋರು?" ಅಂದರು, ಕಣ್ಣು ನೀರಿನಿಂದ ಕೀಳದೆ.

ಬ್ಯಾಟರಿ ಮುಗಿಯುವ ತನಕ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಹಾಲು ಕರೆಯಲು ಹೋಗುವ ಮೊದಲೇ ಅದನ್ನು ಚಾರ್ಜಿಗೆ ಹಾಕಿದ್ದರು. ಅವರು ಮಾತಿಗೆ ತಪ್ಪಲಿಲ್ಲ, ತುಟಿ ಬಿಚ್ಚಲಿಲ್ಲ, ರಿಮೋಟನ್ನೂ ಬಿಡಲಿಲ್ಲ. ಹದಿನೈದು ದಿನ ಜಗಳವಾಡಿ ನೋಡಿದೆ. ಹದಿನಾರನೇ ದಿನ ಮಂಡ್ಯದ ಬಸ್ಸು ಹತ್ತಿ ಹೋಗಿ ನನಗೆ ಅಂತ ಇನ್ನೊಂದು ಮೋಟರು ತಂದೆ.