ಕೂಡಿಸಲು ಇಬ್ಬರು ಬೇಕು

ಆ ಚಳಿಗಾಲದಲ್ಲಿ ಆರ್ವಿಡ್ ನೈಗಾರ್ಡ್ ಎರಡು ಸಲ ಪಿಸ್ಟನ್ ರಿಂಗು ಮುರಿದರು. ನಲವತ್ತು ವರ್ಷ ಅದೇ ಎಂಜಿನ್ನು ಬಿಚ್ಚಿ ಕಟ್ಟಿದ ಕೈ ಅದು, ಒಂದೇ ಒಂದು ರಿಂಗನ್ನೂ ಮುರಿದಿರಲಿಲ್ಲ. ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂತಲ್ಲ, ಹೊಳೆಯಿತು. ಆದರೆ ಆ ಹೊತ್ತಿಗೆ ನಾನು ಕೋಪದಲ್ಲಿದ್ದೆ.

ನನ್ನ ಹೆಸರು ಐಲಿ. ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿ, ಹಡಗಿಗೆ ಅದಿರು ತುಂಬುವ ನಮ್ಮ ಸಣ್ಣ ಊರಿನಲ್ಲಿ, ಅಪ್ಪ ಬಿಟ್ಟುಹೋದ ಲೇತ್ ಶಾಪು ನಡೆಸುತ್ತೇನೆ. ವಯಸ್ಸು ಐವತ್ತನಾಲ್ಕು. ಮದುವೆಯಾಗಿಲ್ಲ, ಯಾಕೆ ಅಂತ ಕೇಳುವವರಿಗೆ ಶಾಪಿನ ಬಾಗಿಲು ತೋರಿಸುತ್ತೇನೆ. ಆರ್ವಿಡ್ ಅಪ್ಪನ ಗೆಳೆಯರು, ಅದಿರಿನ ಧಕ್ಕೆಯಲ್ಲಿ ದುಡಿದು ನಿವೃತ್ತರಾದವರು. ಈಗಲೂ ನನ್ನನ್ನು "ಹುಡುಗಿ" ಅಂತ ಕರೆಯುವವರು ಅವರೊಬ್ಬರೇ.

ಅವರದ್ದು ಹಳೆಯ ಇಂಗ್ಲಿಷ್ ಬೈಕು, ಆರುನೂರೈವತ್ತು ಸಿಸಿ. ಅದರ ಎರಡು ಪಿಸ್ಟನ್ನುಗಳೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ನವೆಂಬರಿನಲ್ಲಿ ನೆಲದ ಮೇಲೆ ಹಿಮ ನಿಂತಿತು ಅಂದರೆ ಆರ್ವಿಡ್ ಎಂಜಿನ್ನನ್ನು ಇಳಿಸಿ ಅಡುಗೆಮನೆಯ ಮೇಜಿಗೆ ತರುತ್ತಿದ್ದರು. ಗ್ಯಾರೇಜಿನಲ್ಲಿ ಗ್ರೀಸು ಕಲ್ಲಾಗುವ ಚಳಿ. ನಮ್ಮ ಕಡೆ ಎಲ್ಲರೂ ಈ ಕೆಲಸ ಮನೆಯೊಳಗೇ ಮಾಡುವುದು. ಬೇರೆ ಮನೆಗಳಲ್ಲಿ ಹೆಂಡತಿಯರು ಇದಕ್ಕೆ ರಂಪ ಮಾಡುತ್ತಾರೆ. ಆರ್ವಿಡ್ ಅವರ ಹೆಂಡತಿ ಮಾರ್ಲಿಸ್ ಮಾತ್ರ ತಾವೇ ಮೇಜಿನ ಮೇಲೆ ಹಳೇ ಪೇಪರು ಹಾಸಿ, "ತಗೊಂಬಾ, ಮಲಗಿಸು ಮಗೂನ" ಅನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಆ ಎಂಜಿನ್ನು ಕಟ್ಟುವಾಗ ಒಂದೇ ಒಂದು ಕೆಲಸಕ್ಕೆ ನಾಲ್ಕು ಕೈ ಬೇಕು. ಪಿಸ್ಟನ್ನುಗಳೆರಡೂ ತಲೆ ಎತ್ತಿ ನಿಂತಿರುತ್ತವೆ. ಅವುಗಳ ಮೈಗೆ ಎರಕದ ಕಬ್ಬಿಣದ ತೆಳ್ಳನೆ ರಿಂಗುಗಳು, ಹೊರಕ್ಕೆ ಬಿರಿದುಕೊಂಡು. ಮೇಲಿನಿಂದ, ಅವೆರಡೂ ಒಳಗೆ ಕೂರುವ ಇಪ್ಪತ್ತು ಪೌಂಡಿನ ಸಿಲಿಂಡರ್ ಬ್ಲಾಕನ್ನು ನೇರವಾಗಿ ಇಳಿಸಬೇಕು. ಅದು ಇಳಿಯುತ್ತಿದ್ದ ಹಾಗೇ ಇನ್ನೊಬ್ಬರು ಒಂದೊಂದು ರಿಂಗನ್ನೂ ಬೆರಳಲ್ಲಿ ಒತ್ತಿ ಒಳಕ್ಕೆ ಸೇರಿಸಬೇಕು, ಎರಡೂ ಪಿಸ್ಟನ್ನಿನಲ್ಲಿ ಒಂದೇ ಸಲಕ್ಕೆ. ಸ್ವಲ್ಪ ಅವಸರ ಮಾಡಿದರೂ ರಿಂಗು ಟಿಕ್ ಅಂತ ಮುರಿಯುತ್ತದೆ.

ಬ್ಲಾಕು ಹಿಡಿಯುವುದು ಆರ್ವಿಡ್, ರಿಂಗು ಒತ್ತುವ ಬೆರಳು ಮಾರ್ಲಿಸ್ ಅವರದ್ದು. ಹಾಲು ಕರೆಯುವ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಪಿಸ್ಟನ್ನಿನ ಮಟ್ಟಕ್ಕೆ ಕಣ್ಣಿಟ್ಟು, ರಿಂಗು ಒತ್ತಿ "ಬಾ" ಅನ್ನುತ್ತಿದ್ದರು. ಆರ್ವಿಡ್ ಕೂದಲೆಳೆಯಷ್ಟು ಇಳಿಸುವುದು. ಮತ್ತೆ "ಬಾ". ನಾನು ಒಮ್ಮೆ ಅಲ್ಲೇ ಕೂತು ನೋಡಿದ್ದೇನೆ. ಆ ಹತ್ತು ನಿಮಿಷ ನಾನು ಅಲ್ಲಿದ್ದೇನೆ ಅನ್ನುವುದೇ ಅವರಿಬ್ಬರಿಗೂ ಮರೆತುಹೋಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ಮಾರ್ಲಿಸ್ ಮೈಕೈ ತುಂಬಿದ ಹೆಂಗಸು. ಮೇ ತಿಂಗಳ ಮೊದಲ ಬೆಚ್ಚನೆ ಶನಿವಾರ ಊರಿನ ಬೈಕುಗಳೆಲ್ಲ ದಂಡೆಯುದ್ದಕ್ಕೂ ಉತ್ತರಕ್ಕೆ ಹೊರಡುತ್ತವೆ. ದಾರಿಯಲ್ಲಿ ಒಂದು ಬಂಡೆಯ ಏರು. ಪ್ರತಿ ವರ್ಷ ಆ ಏರಿನ ನಡುವೆ ಆರ್ವಿಡ್ ಗಾಡಿಗೆ ಏದುಸಿರು.

"ಮಾರ್ಲಿಸ್, ಇಳಿದು ನಡ್ಕೊಂಡ್ ಬಾರೇ, ಪಾಪ ಅದು ಸಾಯ್ತಾ ಇದೆ" ಅನ್ನುತ್ತಿದ್ದರು ಆರ್ವಿಡ್.

"ನಾನಂತೂ ಸಣ್ಣ ಆಗಲ್ಲಪ್ಪ. ನಿನ್ನ ಎಂಜಿನ್ನೇ ದಪ್ಪ ಮಾಡ್ಕೋ."

ಕೊನೆಗೆ ಮಾರ್ಲಿಸ್ ತಾವೇ ಏಳುನೂರೈವತ್ತರ ದಪ್ಪ ಪಿಸ್ಟನ್ನು, ಅದಕ್ಕೆ ತಕ್ಕ ದೊಡ್ಡ ಬಾಯಿಯ ಬ್ಲಾಕು ತರಿಸಲು ಹೇಳಿ ಕಳಿಸಿದರು. ಅವು ಬರುವ ಮೊದಲೇ, ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಚರ್ಚಿನ ಅಡುಗೆಕೋಣೆಯಲ್ಲಿ ಕಾಫಿ ಬಗ್ಗಿಸುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಣ್ಣು ಮಾಡಿದ ಹನ್ನೊಂದನೇ ದಿನಕ್ಕೆ ಪಿಸ್ಟನ್ನು, ಬ್ಲಾಕು ಇದ್ದ ಪೆಟ್ಟಿಗೆ ಮನೆಗೆ ಬಂತು.

ಆರ್ವಿಡ್ ಅದನ್ನು ಒಡೆಯದೇ ನನ್ನ ಶಾಪಿಗೆ ಹೊತ್ತು ತಂದರು. "ಪಿಸ್ಟನ್ ಅಳತೆಗೆ ಬ್ಲಾಕಿನ ಒಳಗೋಡೆ ತೀಡಿಕೊಡು ಹುಡುಗಿ" ಅಂದರು. "ಇಬ್ಬರನ್ನ ಹೊತ್ಕೊಂಡು ಆ ಏರು ಹತ್ಲಿ ಅಂತ ಅವಳು ತರಿಸಿದ್ದು. ಮೇ ಒಳಗೆ ಕಟ್ಟೇ ಕಟ್ತೀನಿ. ಅವಳು ಶುರು ಮಾಡಿದ್ದರಲ್ಲಿ ಉಳಿದಿರೋದು ಇದೊಂದೇ."

ನಾನು ಜೀವ ತೇದು ತೀಡಿಕೊಟ್ಟೆ. ಅಷ್ಟು ನುಣುಪಾಗಿ ಇನ್ಯಾವ ಬ್ಲಾಕನ್ನೂ ಮಾಡಿಲ್ಲ.

ಜನವರಿಯಲ್ಲಿ ಬಂದರು, ಮುರಿದ ರಿಂಗು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು. ನೀರಿನ ಪೈಪಿಗೆ ಬಿಗಿಯುವ ಕ್ಲಿಪ್ಪು ಹಾಕಿ ಒಬ್ಬರೇ ಇಳಿಸಲು ನೋಡಿದ್ದರಂತೆ. ಹೊಸ ರಿಂಗು ತರಿಸಿಕೊಟ್ಟೆ. ಫೆಬ್ರವರಿಯಲ್ಲಿ ಮತ್ತೆ ಬಂದರು, ಅದೇ ಬೆಂಕಿಪೊಟ್ಟಣ. ಈ ಸಲ ಬ್ಲಾಕನ್ನು ಚಾವಣಿಯ ಕೊಕ್ಕೆಗೆ ಹಗ್ಗದಲ್ಲಿ ತೂಗುಹಾಕಿ, ತಾವು ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರಂತೆ.

ಇಲ್ಲಿ ನಮ್ಮವರ ಒಂದು ರೀತಿ ಹೇಳಬೇಕು. ಯಾರಾದರೂ ಕಾಫಿ ಕೊಡಲಾ ಅಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದಾಗ, ಸರಿ, ಅರ್ಧ ಲೋಟ ಸಾಕು ಅಂತ ತೆಗೆದುಕೊಳ್ಳಬೇಕು. ಕಾಫಿಗೂ ಅಷ್ಟೇ, ಮನೆ ಸುಟ್ಟುಹೋದವರಿಗೆ ಕೊಡುವ ಸಹಾಯಕ್ಕೂ ಅಷ್ಟೇ. ಮೊದಲ ಸಲಕ್ಕೇ ಹ್ಞೂಂ ಅಂದವನನ್ನು ಊರು ಹತ್ತು ವರ್ಷ ಆಡಿಕೊಳ್ಳುತ್ತದೆ. ಎರಡೇ ಸಲ ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕಡೆ.

ಅವತ್ತು ಹಿಮ ಗುಡಿಸುವ ಲಾರಿಯ ಶಾಫ್ಟು ನನ್ನ ಲೇತಿನ ಮೇಲಿತ್ತು. ಮುನಿಸಿಪಾಲಿಟಿಯವರು ಬೆಳಗಿನಿಂದ ಮೂರು ಸಲ ಫೋನು ಮಾಡಿ ತಲೆ ತಿಂದಿದ್ದರು.

"ನಾನು ಬರ್ಲಾ ಆರ್ವಿಡ್? ರಿಂಗು ನಾನು ಒತ್ತುತ್ತೀನಿ" ಅಂದೆ, ಲೇತಿನಿಂದ ಕಣ್ಣು ತೆಗೆಯದೇ.

"ಬೇಡ ಬೇಡ. ನಾನೇ ಹೆಂಗೋ ಮಾಡ್ಕೋತೀನಿ."

"ಭಾನುವಾರ ಶಾಪು ರಜಾ. ಬರ್ತೀನಿ."

"ಇರೋದೊಂದು ಭಾನುವಾರ. ನಿಂಗ್ಯಾಕೆ ತೊಂದ್ರೆ, ಹುಡುಗಿ?"

ಮತ್ತೆ ಫೋನು ಬಡಿದುಕೊಂಡಿತು. ಎತ್ತಿ ಬಾಯಿಗೆ ಬಂದ ಹಾಗೆ ಬೈದು ಇಟ್ಟೆ. ಆರ್ವಿಡ್ ಹೋಗಿರಲಿಲ್ಲ. ಟೋಪಿ ಕೈಯಲ್ಲಿ ತಿರುಗಿಸುತ್ತಾ ಗೋಡೆಯ ಥರ್ಮಾಮೀಟರು ನೋಡಿದರು. ಬಾಗಿಲ ಹತ್ತಿರ ಹೋಗಿ, "ಇವತ್ತು ಚಳಿ ಕಮ್ಮಿ" ಅಂದರು. ಮೈನಸ್ ಇಪ್ಪತ್ತೆರಡಿತ್ತು. ಅವರು ಮೂರನೆಯದಕ್ಕೆ ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಬೇಕಿದ್ದರೆ ಬಾಯಿ ಬಿಟ್ಟು ಕೇಳಲಿ, ಎಲ್ಲದಕ್ಕೂ ನಾನೇ ಯಾಕೆ ಹಲ್ಲು ಗಿಂಜಬೇಕು ಅಂತ ಶಾಫ್ಟಿನ ಕಡೆ ತಿರುಗಿದೆ. ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

ಮಾರ್ಚಿನಲ್ಲಿ ಅವರು ಬರಲಿಲ್ಲ. ನಾನೂ ಹೋಗಲಿಲ್ಲ. ನಾಚಿಕೆಯಾಗಿದ್ದಾಗ ನಾನು ಇನ್ನೂ ಹೆಚ್ಚು ಕೆಲಸ ಮಾಡುತ್ತೇನೆ, ಅದು ನನ್ನ ಕೆಟ್ಟ ಬುದ್ಧಿ. ಏಪ್ರಿಲ್ ಕೊನೆಗೆ ಹಾಲು ತರಲು ಅಂಗಡಿಗೆ ಹೋದಾಗ, ಬಾಗಿಲ ಪಕ್ಕದ ಚೀಟಿ ಹಲಗೆಯ ಮೇಲೆ, ಬೆಕ್ಕಿನ ಮರಿ ಇದೆ, ಸೌದೆ ಇದೆ ಅನ್ನುವ ಚೀಟಿಗಳ ನಡುವೆ, ಆರ್ವಿಡ್ ಕೈಬರಹ ಕಂಡಿತು.

"ಹಳೇ ಬೈಕು ಮಾರಾಟಕ್ಕಿದೆ. ಎಂಜಿನ್ ಬಿಚ್ಚಿದೆ. ಏಳುನೂರೈವತ್ತರ ಪಿಸ್ಟನ್, ಬ್ಲಾಕು ಹೊಸದು. ಕೂಡಿಸಲು ಇಬ್ಬರು ಬೇಕು."

ನಾನು ಸುಲಭಕ್ಕೆ ಅಳುವವಳಲ್ಲ. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ಹಾಲು ಅಲ್ಲೇ ಬಿಟ್ಟು, ನೇರ ಅವರ ಮನೆಗೆ ಗಾಡಿ ಓಡಿಸಿದೆ.

ಬಾಗಿಲು ತೆಗೆದರು. ಅಡುಗೆಮನೆಯಲ್ಲಿ ಎಂಜಿನ್ನು ಹಾಗೇ ಇತ್ತು, ಪಿಸ್ಟನ್ನುಗಳ ಮೇಲೆ ಮಾರ್ಲಿಸ್ ಅವರ ಚೌಕುಳಿ ಟವೆಲ್ಲು ಹೊದಿಸಿ. ಮೇಜಿನ ಒಂದು ಮೂಲೆಯಲ್ಲಿ ಮಾತ್ರ ಜಾಗ ಮಾಡಿಕೊಂಡಿದ್ದರು, ಒಂದು ತಟ್ಟೆ ಇಡುವಷ್ಟು. ಚಳಿಗಾಲವಿಡೀ ಅಲ್ಲೇ ಒಬ್ಬರೇ ಉಂಡಿದ್ದಾರೆ.

"ನಾನು ರಿಂಗು ಒತ್ಲಾ ಆರ್ವಿಡ್? ಇದು ಮೂರನೇ ಸಲ ಕೇಳ್ತಿರೋದು. ತಡ ಆಯ್ತು, ಗೊತ್ತು. ಬೈಯೋದಿದ್ರೆ ಬೈದುಬಿಡಿ."

ಅವರು ನನ್ನ ಮುಖ ನೋಡಿದರು. "ಸರಿ" ಅಂದರು. "ಅರ್ಧ ಗಂಟೆ ಸಾಕು."

ಸ್ಟೂಲಿನ ಮೇಲೆ ಕೂತೆ. ನಾನು ಉದ್ದ, ಮೊಣಕಾಲು ಎದೆಗೆ ಬಂತು. ರಿಂಗುಗಳಿಗೆ ಎಣ್ಣೆ ಸವರಿ, ಅವುಗಳ ಸೀಳುಬಾಯಿ ಹೊಂದಿಸಿ, ಮೇಲಿನ ರಿಂಗನ್ನು ಎರಡೂ ಕಡೆ ಒತ್ತಿ ಹಿಡಿದೆ. ಆರ್ವಿಡ್ ಬ್ಲಾಕು ಎತ್ತಿ ಪಿಸ್ಟನ್ನುಗಳ ನೆತ್ತಿಗೆ ತಂದು ನಿಂತರು. ನಿಂತೇ ಇದ್ದರು.

"ಇಳಿಸಿ."

ಇಳಿಸಲಿಲ್ಲ.

"ಆರ್ವಿಡ್, ಬೆರಳು ಜಾರ್ತಾ ಇದೆ, ಇಳಿಸಿ ಮಾರಾಯ್ರೇ!"

"ಅವಳು ಬಾ ಅಂತಿದ್ಲು" ಅಂದರು. "ಅದು ಕೇಳಿಸ್ದೆ ಕೈ ಇಳೀತಿಲ್ಲ."

ಆ ಮಾತು ನನ್ನ ಬಾಯಿಂದ ಬರಲಾರದು ಅನ್ನಿಸಿತು. ಅದು ಇನ್ನೊಬ್ಬರದ್ದು. "ನೀವೇ ಹೇಳ್ಕೊಳ್ಳಿ" ಅಂದೆ.

ನನಗೂ ಸರಿಯಾಗಿ ಕೇಳದ ಹಾಗೆ, "ಬಾ" ಅಂದರು. ಬ್ಲಾಕು ಕೂದಲೆಳೆಯಷ್ಟು ಇಳಿಯಿತು. ಮತ್ತೆ "ಬಾ". ಒಂದೊಂದೇ ರಿಂಗು ಒಳಗೆ ಜಾರಿತು. ಒಂದೂ ಮುರಿಯಲಿಲ್ಲ.

ಮೇ ಮೊದಲ ಶನಿವಾರ ಬಿಸಿಲು ಬಿತ್ತು. ನಾನು ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಎಂಜಿನ್ನು ಎರಡನೇ ಒದೆತಕ್ಕೆ ಹತ್ತಿಕೊಂಡಿತು. ಆ ದಪ್ಪ ದನಿ ಕೇಳಿ ಪಕ್ಕದ ಮನೆಯ ನಾಯಿ ಮೆಟ್ಟಿಲ ಕೆಳಗೆ ತೂರಿತು. ಆರ್ವಿಡ್ ನಕ್ಕರು, ಎಂಟು ತಿಂಗಳಲ್ಲಿ ನಾನು ನೋಡಿದ ಮೊದಲ ನಗು. ಹಿಂದಿನ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

"ಕೂತ್ಕೋತೀಯಾ ಹುಡುಗಿ? ಏರಿನ ತನಕ?"

"ಅಯ್ಯೋ ಬೇಡ ಬೇಡ" ಅಂದೆ.

"ಇಬ್ಬರನ್ನ ಹೊರೋಕೆ ಅಂತಲೇ ಕಟ್ಟಿದ್ದಲ್ವಾ. ಬಾ."

"ನಿಮಗ್ಯಾಕೆ ತೊಂದ್ರೆ, ಆರ್ವಿಡ್."

ಬಾಯಿಗೆ ಅಭ್ಯಾಸವಾಗಿ ಬಂದದ್ದನ್ನು ಅಂದುಬಿಟ್ಟು, ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರು ನನ್ನನ್ನು ನೋಡಿದರು, ಆಮೇಲೆ ಸೀಟನ್ನು. ಫೆಬ್ರವರಿಯ ಆ ದಿನ ಅವರಿಗೆ ನೆನಪಾಯಿತೋ, ಮಾರ್ಲಿಸ್ ಜಾಗಕ್ಕೆ ಯಾರನ್ನಾದರೂ ಕರೆಯಲು ಎರಡು ಸಲಕ್ಕಿಂತ ಹೆಚ್ಚು ಬಾಯಿ ಬರಲಿಲ್ಲವೋ, ನನಗೆ ಗೊತ್ತಿಲ್ಲ. ತಲೆ ಆಡಿಸಿ ಗೇರು ಹಾಕಿದರು. ಗಾಡಿ ತಿರುವು ದಾಟಿತು. ಏರಿನಲ್ಲಿ ಅದರ ಸದ್ದು ಬಹಳ ದೂರದವರೆಗೆ ಕೇಳುತ್ತಿತ್ತು. ಎಲ್ಲೂ ಏದುಸಿರು ಬಿಡಲಿಲ್ಲ.

ಸದ್ದು ಪೂರ್ತಿ ನಿಂತ ಮೇಲೆ ನನ್ನ ಗಾಡಿಗೆ ವಾಪಸು ಬಂದೆ. ಪಕ್ಕದ ಸೀಟಿನ ಮೇಲೆ ಹೆಲ್ಮೆಟ್ಟು ಇತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ತಂದಿದ್ದೆ.