ಎಲ್ಲರಿಗೂ ಫೈವ್ ನೈನ್

ಮೈಕ್ ಹಿಡಿದಾಗ ಭಾವನ ಗಂಟಲಿನ ಉಬ್ಬು ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ದನಿ ಹೊರಡುತ್ತಿದ್ದದ್ದು ಆಮೇಲೆ. ಸಪೂರ ಕುತ್ತಿಗೆಯ ಆಸಾಮಿಗೆ ಅಷ್ಟು ದೊಡ್ಡ ದನಿ ಎಲ್ಲಿಂದ ಬಂತೋ. ಅಕ್ಕನ ಗಂಡ, ಕೋಟದಲ್ಲಿ ಹೋಟೆಲು. ಹ್ಯಾಮ್ ರೇಡಿಯೊ ಸ್ಪರ್ಧೆ ಬಂತೆಂದರೆ ಹೋಟೆಲಿಗೆ ಬೀಗ. ಗೊತ್ತುಮಾಡಿದ ಅವಧಿಯೊಳಗೆ ಹೆಚ್ಚು ದೇಶಗಳನ್ನು, ಹೆಚ್ಚು ಜನರನ್ನು ರೇಡಿಯೊದಲ್ಲೇ ಮಾತಾಡಿಸಿದವರು ಗೆದ್ದಂತೆ.

"ಜಪಾನಿನವ್ರ್ ನಿಮ್ಮ್ ಹೋಟ್ಲಿಗೆ ಚಾ ಕುಡುಕೆ ಬತ್ರಾ?" ಎಂದು ಅಕ್ಕ ಕೇಳುವಷ್ಟರಲ್ಲಿ ಭಾವ ಬ್ಯಾಟರಿ ಹೊತ್ತು ಅಂಗಳ ದಾಟಿರುತ್ತಿದ್ದರು.

ಒಮ್ಮೆ ನನ್ನನ್ನೂ ಹಂಗಾರಕಟ್ಟೆಯಿಂದ ದೋಣಿಯಲ್ಲಿ ಹೊಳೆ ನಡುವಿನ ಕುದ್ರುವಿಗೆ ಕರೆದೊಯ್ದರು. ಸುತ್ತ ಉಪ್ಪುನೀರಿದ್ದರೆ ರೇಡಿಯೊ ದೂರ ಮುಟ್ಟುತ್ತದಂತೆ. ತೆಂಗಿನ ಮರಗಳ ನಡುವೆ ಆಂಟೆನಾ ತಂತಿ ಕಟ್ಟಿ ಕೂತೆವು. ಇಂಡೋನೇಷ್ಯಾದ ಯಾವುದೋ ದ್ವೀಪದವನೊಬ್ಬ ಕರೆದ. ಗೊರಗೊರ ಸದ್ದಿನಲ್ಲಿ ಅವನ ಮಾತು ಮುಳುಗಿಯೇ ಹೋಗಿತ್ತು. ಭಾವ ಮತ್ತೆ ಮತ್ತೆ ಕೇಳಿ ಅವನ ರೇಡಿಯೊ ಗುರುತಾದ ಕಾಲ್ ಸೈನ್ ಹಿಡಿದುಕೊಂಡು, "ಫೈವ್ ನೈನ್" ಎಂದರು. ನಿನ್ನ ಮಾತು ಸ್ವಚ್ಛವಾಗಿ, ಜೋರಾಗಿ ಕೇಳುತ್ತಿದೆ ಎಂದು ಅದರರ್ಥ.

"ಎಂತ ಭಾವ, ಹಾಡಹಗಲೇ ಸುಳ್ಳಾ?" ಎಂದೆ.

"ಸ್ಪರ್ಧೆ ಅಂದ್ರೆ ಎಲ್ಲರ್ಗೂ ಫೈವ್ ನೈನೇ ಮಾರಾಯ. ನಿಜ ಹೇಳ್ತಾ ಕೂತ್ರೆ ಹೊತ್ತ್ ಹೋತ್. ಅವನ್ಗೂ ಗೊತ್ತಿತ್ತ್."

ಸ್ಪರ್ಧೆ ಮುಗಿದ ಮೇಲೆ ಅದೇ ದ್ವೀಪದವನನ್ನು ಹುಡುಕಿ ಕರೆದರು. ನಿನ್ನದು ಬರೇ ತ್ರೀ ಟೂ, ಕೇಳಿಸಿದ್ದೇ ಕಷ್ಟದಲ್ಲಿ, ತಂತಿ ನೋಡಿಕೋ ಎಂದು ತಿಳಿಸಿದರು. ಪ್ರತಿ ಸಲವೂ ಹೀಗೇ. ಸ್ಪರ್ಧೆಯ ಸುಳ್ಳನ್ನು ಅವರು ಮನೆಗೆ ತರುತ್ತಿರಲಿಲ್ಲ. ಅಕ್ಕನ ಸಾರಿಗೂ ನನ್ನ ಹೊಸ ಅಂಗಿಗೂ ಮುಖ ನೋಡದೆ ಅಂಕ ಕೊಡುತ್ತಿದ್ದರು.

ಕೂಗಿ ಕೂಗಿ ಪ್ರತಿ ಸ್ಪರ್ಧೆಯ ನಂತರ ವಾರಗಟ್ಟಲೆ ಅವರ ದನಿ ಒಡೆದಿರುತ್ತಿತ್ತು. ನಮಗದು ರೂಢಿ. ಹಾಗಾಗಿ ಆ ವರ್ಷ ಅಮಾಸೆಬೈಲಿನ ಗುಡ್ಡದ ಮೇಲೆ ಸ್ಪರ್ಧೆ ಮುಗಿಸಿ ಬಂದವರ ದನಿ ತಿಂಗಳು ಕಳೆದರೂ ಸರಿಯಾಗದಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಕ್ಕ ಕಾಳುಮೆಣಸಿನ ಕಷಾಯ ಕೊಟ್ಟಳು. ನಾನು ತಮಾಷೆ ಮಾಡಿದೆ. ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡುವಾಗ ಗಡ್ಡೆ ಬೇರು ಬಿಟ್ಟಾಗಿತ್ತು.

ಕೊನೆಗೊಂದು ದಿನ ಹಾಸಿಗೆ ಪಕ್ಕ ಕೂತಿದ್ದೆ. ಭಾವ ತುಟಿ ಅಲುಗಿಸಿದರು. ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ನನ್ನ್ ದನಿ ಹೆಂಗ್ ಕೇಂತ್?"

"ಫೈವ್ ನೈನ್, ಭಾವ."

ಅವರು ನನ್ನನ್ನೇ ನೋಡಿದರು. ಗಂಟಲಿನ ಉಬ್ಬು ಕಷ್ಟಪಟ್ಟು ಮೇಲೆ ಹೋಗಿ ಇಳಿಯಿತು.

"ಸ್ಪರ್ಧೆ ಮುಗಿತಲ್ಲ ಮಾರಾಯ."

ನನಗೆ ಅಳು ತಡೆಯಲಾಗಲಿಲ್ಲ. "ತ್ರೀ ಟೂ," ಎಂದೆ. "ಆದ್ರೂ ಮುಟ್ತಿತ್ತ್ ಭಾವ."

ಅಷ್ಟು ಸಾಕೆಂಬಂತೆ ಕಣ್ಣು ಮುಚ್ಚಿಕೊಂಡರು. ಮತ್ತೆ ಮಾತಾಡಲಿಲ್ಲ.

ಅವರು ಹೋದ ಮೇಲೆ ಅಕ್ಕ ಆ ರೇಡಿಯೊ ನನಗೆ ಕೊಟ್ಟಳು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆ. ಸ್ಪರ್ಧೆಗೆ ಕೂತಾಗ ನಾನೂ ಎಲ್ಲರಿಗೂ ಫೈವ್ ನೈನ್ ಕೊಡುತ್ತೇನೆ. ಅವರೂ ನನಗೆ ಅದನ್ನೇ ಕೊಡುತ್ತಾರೆ. ಮುಗಿದ ಕೂಡಲೇ ಸೆಟ್ ಆರಿಸುವುದಿಲ್ಲ. ಯಾರಾದರೂ ಕರೆದು ನಿಜ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ. ಯಾರೂ ಕರೆಯುವುದಿಲ್ಲ.