ಬೋರಿವಲಿಯಲ್ಲಿ ಇಳಿಯದ ಇಂದ್ರಾಬಾಯಿ

ಶರಣಬಸಪ್ಪನಿಗೆ ಬಾಡಿಗೆ ಮನೆ ಹುಡುಕಿಕೊಡಲು ಹೋಗಿ ನನ್ನ ಒಂದು ತಿಂಗಳ ಭಾನುವಾರಗಳೆಲ್ಲ ಹಾಳಾದವು. ಹೋಟೆಲಿನವನಿಗೆ ಭಾನುವಾರವೇ ವ್ಯಾಪಾರ. ಅದನ್ನು ಬಿಟ್ಟು ಕಂಡವರ ಮನೆಯ ನಲ್ಲಿ ತಿರುಗಿಸಿ ನೀರು ಬರುತ್ತದೋ ಇಲ್ಲವೋ ಎಂದು ನೋಡುತ್ತ ಊರೆಲ್ಲ ಅಲೆದದ್ದಕ್ಕೆ ನನ್ನ ಹೆಂಡತಿ ಸೇವಂತಿ, "ಅವರು ನಿಮಗೆ ಎಂತ ಆಗಬೇಕು?" ಎಂದು ಕೇಳಿದಳು. ಏನೂ ಆಗಬೇಕಿಲ್ಲ. ಅವನು ಕಲಬುರಗಿ ಜಿಲ್ಲೆಯವನು, ನಾನು ಉಡುಪಿ ಕಡೆಯವನು. ಮುಂಬೈಯ ಭಾಂಡುಪ್‌ನ ತಗಡಿನ ಡಬ್ಬಿ ಕಾರ್ಖಾನೆಯಲ್ಲಿ ಅವನು ಪ್ರೆಸ್ ಮಷೀನು ನಡೆಸುತ್ತಿದ್ದ, ನಾನು ಅಲ್ಲೇ ಕ್ಯಾಂಟೀನು ನಡೆಸುತ್ತಿದ್ದೆ. ಅಷ್ಟು ವರ್ಷ ನನ್ನ ಕ್ಯಾಂಟೀನಿನಲ್ಲಿ ಉಂಡು ಒಂದು ದಿನವೂ ಸಾರಿನ ಬಗ್ಗೆ ತಕರಾರು ತೆಗೆಯದವನು ಅವನೊಬ್ಬನೇ. ಅಷ್ಟು ಸಾಲದೇ?

ಆ ಕಾರ್ಖಾನೆ ಮುಚ್ಚಲಿಲ್ಲ, ಗಡಿ ದಾಟಿತು. ಭಾಂಡುಪ್‌ನ ಜಾಗಕ್ಕೆ ಚಿನ್ನದ ಬೆಲೆ ಬಂದಾಗ ಮಾಲೀಕರು ಜಾಗವನ್ನು ಬಿಲ್ಡರಿಗೆ ಕೊಟ್ಟು, ಮಷೀನುಗಳನ್ನು ಲಾರಿಗೆ ಹೇರಿಸಿ, ದಹಾಣು ದಾಟಿ ಮಹಾರಾಷ್ಟ್ರ ಮುಗಿದು ಗುಜರಾತ್ ಶುರುವಾಗುವ ಉಂಬರಗಾಂವ್‌ಗೆ ಸಾಗಿಸಿದರು. ನಾನು ಮುಲುಂಡ್ ಚೆಕ್‌ನಾಕಾ ಹತ್ತಿರ ಒಂದು ಸಣ್ಣ ಹೋಟೆಲು ಹಿಡಿದೆ. ಶರಣಬಸಪ್ಪ ತನ್ನ ಮಷೀನಿನ ಹಿಂದೆ ಹೋದ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಐವತ್ತರ ಹತ್ತಿರ ಬಂದವನಿಗೆ ಹೊಸದನ್ನು ಕಲಿಸುವವರೂ ಇಲ್ಲ.

ಭಾಂಡುಪ್‌ನಿಂದ ದಾದರ್, ದಾದರ್‌ನಿಂದ ವಿರಾರ್, ವಿರಾರ್‌ನಲ್ಲಿ ಇಳಿದು ಗುಜರಾತ್ ಕಡೆಯ ಗಾಡಿ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ತಿರುಗಿ ಬರುವಾಗ ಅವನ ಚಾಳಿನವರೆಲ್ಲ ಮಲಗಿರುತ್ತಿದ್ದರು. ಎರಡು ಸಲ ನಿದ್ದೆ ಹತ್ತಿ ಇಳಿಯುವ ಸ್ಟೇಷನ್ನು ದಾಟಿಹೋದ. ತಡವಾಗಿ ಬಂದರೆ ಇನ್ನು ಒಳಗೆ ಬಿಡುವುದಿಲ್ಲವೆಂದು ಸೂಪರ್‌ವೈಸರ್ ಹೇಳಿಬಿಟ್ಟ.

ಜೊತೆಗೆ ಹೋದ ಉಳಿದವರು ಜಾಣರು. ಕಂಪನಿ ಅಲ್ಲಿ ರೂಮು ಕೊಟ್ಟಿತ್ತು. ವಾರವೆಲ್ಲ ಅಲ್ಲೇ ಇದ್ದು ಶನಿವಾರ ರಾತ್ರಿ ಮನೆಗೆ ಬರುತ್ತಿದ್ದರು. ನೀನೂ ಹಾಗೇ ಮಾಡು ಎಂದು ನಾನು ಎಷ್ಟು ಹೇಳಿದರೂ ಶರಣಬಸಪ್ಪ ಆಗದೆಂದು ತಲೆಯಾಡಿಸಿದ.

"ರೂಮ್ ಅದ ಅಣ್ಣಾರ, ಖರೆ ನಾ ಇರಂಗಿಲ್ಲ. ಒಮ್ಮಿ ಇದ್ದು ನೋಡೀನಿ, ಸಾಕಾಗ್ಯಾದ."

ಅವನು ಹೇಳಿದ್ದು ಮದುವೆಯಾದ ಹೊಸತರ ಮಾತು. ಆಗ ಅವನು ಹತ್ತು ಹನ್ನೆರಡು ಗಂಡಸರ ಜೊತೆ ಒಂದು ಖೋಲಿಯಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದ, ಹೆಂಡತಿ ಇಂದ್ರಾಬಾಯಿ ಊರಿನಲ್ಲಿ. ಎಂಟು ವರ್ಷ ಹಾಗೇ ಕಳೆಯಿತು. ಮಗಳು ಹುಟ್ಟಿದ್ದು ಅವನಿಗೆ ತಿಳಿದದ್ದು ನಮ್ಮ ಕ್ಯಾಂಟೀನಿನ ಫೋನಿನಲ್ಲಿ, ಅವನು ಹೋಗಿ ನೋಡುವಾಗ ಕೂಸು ನಡೆಯುತ್ತಿತ್ತಂತೆ, ಇವನನ್ನು ಕಂಡು ಅತ್ತಿತಂತೆ. ಆಮೇಲೆ ಹೆಂಡತಿ ಮಗಳಿಬ್ಬರನ್ನೂ ಭಾಂಡುಪ್‌ನ ಚಾಳಿಗೆ ಕರೆತಂದ. ಈಗ ಆ ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ. ಉಳಿದದ್ದು ಇವರಿಬ್ಬರೇ. ಇನ್ನು ಎಷ್ಟೇ ಕಷ್ಟವಾದರೂ ಒಂದೇ ಸೂರಿನಡಿ ಇರಬೇಕು ಎನ್ನುವುದು ಅವನ ಹಟ.

ಹಾಗಾದರೆ ಇಬ್ಬರೂ ಉಂಬರಗಾಂವ್‌ಗೇ ಹೋಗಿ ಇರಲಿ ಅಂದರೆ, ಅದಕ್ಕೂ ಅಡ್ಡಿ ಇತ್ತು. ಇಂದ್ರಾಬಾಯಿ ಸಯನ್‌ನಲ್ಲಿ ನಾಲ್ಕು ಕನ್ನಡದವರ ಮನೆಗಳಲ್ಲಿ ಜೋಳದ ರೊಟ್ಟಿ ಮಾಡುತ್ತಾಳೆ. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಹಸಿವಿಲ್ಲದವನಿಗೂ ಹಸಿವಾಗಬೇಕು. ಉಡುಪಿಯವನಾದ ನಾನೇ ಹೇಳುತ್ತಿದ್ದೇನೆ. ಆ ಮನೆಗಳಲ್ಲಿ ಅವಳನ್ನು ಇಂದ್ರಾಬಾಯಿಯವರೇ ಎಂದು ಕರೆಯುತ್ತಾರೆ, ರೊಟ್ಟಿ ಬೇಯುವಷ್ಟು ಹೊತ್ತು ಎದುರಿಗೆ ಕುಳಿತು ಊರಿನ ಮಾತಾಡುತ್ತಾರೆ. ಗಡಿಯಾಚೆ ಜೋಳದ ರೊಟ್ಟಿಯನ್ನು ಯಾರು ಕೇಳುತ್ತಾರೆ?

"ನಾ ಬಿಟ್ಟು ಬರ್ತೀನಿ ಅಂದ್ರ ಇವರು ಕೇಳವಲ್ರು," ಎಂದು ಅವಳು ನನ್ನ ಹತ್ತಿರ ದೂರಿದಳು.

"ಬಿಟ್ಟು ಅಲ್ಲಿ ಬಂದು ನಾಕು ಗ್ವಾಡಿ ಜೋಡಿ ಮಾತಾಡ್ತೀ ಏನು?" ಎಂದ ಶರಣಬಸಪ್ಪ.

ಹೀಗೆ ಗಂಡನ ಕೆಲಸ ಗುಜರಾತಿನಲ್ಲಿ, ಹೆಂಡತಿಯ ಕೆಲಸ ಸಯನ್‌ನಲ್ಲಿ. ನಡುವೆ ಎಲ್ಲಿ ಮನೆ ಹಿಡಿಯಬೇಕು? ನಕಾಶೆ ನೋಡಿ ಹೇಳುವುದು ಸುಲಭ. ಪಾಲ್ಘರ್‌ಗೆ ಹೋಗಿ ನೋಡಿದೆವು, ಅವನಿಗೆ ಹತ್ತಿರ, ಆದರೆ ಇಂದ್ರಾಬಾಯಿಗೆ ಒಂದು ಗಾಡಿ ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಸಯನ್‌ನವರು ಬ್ರೆಡ್ಡು ತಿಂದು ಮುಗಿಸಿರುತ್ತಾರೆ. ವಿರಾರ್ ಎಂದು ನಾನು ಬಾಯಿ ತೆರೆದದ್ದೇ ತಡ, ಶರಣಬಸಪ್ಪ ಬೇಡವೇ ಬೇಡ ಎಂದ. ಬೆಳಿಗ್ಗೆ ಅವನು ಖಾಲಿ ಗಾಡಿಯಲ್ಲಿ ವಿರಾರ್‌ಗೆ ಹೋಗುವಾಗ ಎದುರಿನಿಂದ ಬರುವ ಗಾಡಿಗಳ ಬಾಗಿಲಲ್ಲಿ ಜನ ಜೋತುಬಿದ್ದಿರುವುದನ್ನು ದಿನಾ ನೋಡುತ್ತಿದ್ದ.

"ಆ ಗಾಡ್ಯಾಗ ಆಕಿನ್ನ ಹಾಕಂಗಿಲ್ಲ ಅಣ್ಣಾರ."

ಕೊನೆಗೆ ಬೋರಿವಲಿ ಪೂರ್ವದಲ್ಲಿ ಒಂದು ಚಾಳಿನ ಖೋಲಿ ಗೊತ್ತಾಯಿತು. ನೀರು, ಬೆಳಕು, ಅಡುಗೆ ಮಾಡಲು ಗಾಳಿಯಾಡುವ ಮೂಲೆ ಎಲ್ಲ ಇತ್ತು. ಇಂದ್ರಾಬಾಯಿಗೆ ಬೋರಿವಲಿಯಿಂದಲೇ ಹೊರಡುವ ಲೋಕಲ್ ಇವೆ, ಕುಳಿತು ಹೋಗಬಹುದು. ಮಾಲೀಕರು ವಯಸ್ಸಾದವರು, ಒಂದೇ ಷರತ್ತು ಹಾಕಿದರು. ಗಂಡ ಹೆಂಡತಿ ಇಬ್ಬರೂ ಎದುರಿಗೆ ಬರಬೇಕು, ಕಣ್ಣಾರೆ ನೋಡಿಯೇ ಕೀಲಿ ಕೊಡುತ್ತೇನೆ ಎಂದರು. ಹೆಂಡತಿ ಆಮೇಲೆ ಬರುತ್ತಾಳೆ ಎಂದು ಹಿಂದೊಬ್ಬ ಖೋಲಿ ಹಿಡಿದು ಎಂಟು ಜನ ಹುಡುಗರನ್ನು ತುಂಬಿಸಿದ್ದನಂತೆ. ಬುಧವಾರ ಸಂಜೆ ಏಳಕ್ಕೆ ಬನ್ನಿ, ಆಮೇಲೆ ನಾನು ಊರಿಗೆ ಹೊರಟೆ, ಇನ್ನೊಂದು ಜೋಡಿಯೂ ಕೇಳುತ್ತಿದೆ ಎಂದರು.

ಶರಣಬಸಪ್ಪ ಅರ್ಧ ದಿನದ ರಜೆ ಹಾಕಿ ಬಂದ. ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಸೇವಂತಿಗೆ ಒಪ್ಪಿಸಿ ಬಂದೆ. ಇಂದ್ರಾಬಾಯಿ ಸಯನ್‌ನಿಂದ ದಾದರ್‌ಗೆ ಬಂದು, ಸೇತುವೆ ಹತ್ತಿಳಿದು, ಪಶ್ಚಿಮ ರೈಲಿನ ಗಾಡಿ ಹಿಡಿದು ಬರಬೇಕಾಗಿತ್ತು.

ನಾವು ಮೂವರೂ ಸೆಂಟ್ರಲ್ ಲೈನಿನವರು. ಭಾಂಡುಪ್, ಮುಲುಂಡ್ ಕಡೆಯವರ ಲೆಕ್ಕ ಸರಳ: ನಿಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿ ಯಾವುದಿದ್ದರೂ ಹತ್ತು, ನಿಮ್ಮ ಸ್ಟೇಷನ್ನು ಬಂದಾಗ ಇಳಿ. ದಾದರ್‌ನಲ್ಲಿ ವಿರಾರ್ ಫಾಸ್ಟ್ ಬಂತು. ಅದು ಬೋರಿವಲಿಯಲ್ಲಿ ನಿಲ್ಲುತ್ತದೆ. ಇಂದ್ರಾಬಾಯಿ ಹತ್ತಿದಳು. ಆದರೆ ಪಶ್ಚಿಮ ಲೈನಿನಲ್ಲಿ ಎಲ್ಲೂ ಬರೆಯದ ಒಂದು ಕಾನೂನು ಇದೆ. ಸಂಜೆಯ ವಿರಾರ್ ಗಾಡಿ ವಿರಾರ್ ಕಡೆಯವರದ್ದು. ಬೋರಿವಲಿಯವರಿಗೆ ಬೋರಿವಲಿ ಲೋಕಲ್ ಇದೆ, ಅದರಲ್ಲಿ ಹೋಗಬೇಕು. ಈ ಗಾಡಿ ಹತ್ತಿ ನಡುವೆ ಇಳಿಯುತ್ತೇನೆ ಅಂದರೆ ಬೈಗುಳ ಖಂಡಿತ, ದಾರಿ ಸಿಗುವುದು ಅನುಮಾನ. ದಿನಾ ಗರ್ದಿಗೆ ಎದುರಾಗಿ ಓಡಾಡುವ ಶರಣಬಸಪ್ಪನಿಗೆ ಇದು ಗೊತ್ತಿರಲಿಲ್ಲ. ಮುಂಬೈಗೆ ಬಂದು ತಲೆ ಬೆಳ್ಳಗಾದ ನನಗೂ ಗೊತ್ತಿರಲಿಲ್ಲ.

ಏಳು ಗಂಟೆಯಾಯಿತು, ಏಳೂವರೆಯಾಯಿತು. ಬೋರಿವಲಿ ಸ್ಟೇಷನ್ನಿನ ಹೊರಗೆ ಮಾಲೀಕರೂ ಸೇರಿ ನಾವು ಮೂವರು ಗಂಡಸರು ನಿಂತಿದ್ದೆವು. ಶರಣಬಸಪ್ಪ ಫೋನು ಮಾಡುತ್ತಲೇ ಇದ್ದ, ಅದು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಮಾಲೀಕರು ಗಡಿಯಾರ ನೋಡಿದರು. ಆ ಇನ್ನೊಂದು ಜೋಡಿ ಬಂದೇಬಿಟ್ಟಿತು, ಹೆಂಡತಿ ಪಕ್ಕದಲ್ಲೇ ಇದ್ದಳು. ಮಾಲೀಕರು ನಮ್ಮ ಕಡೆ ಕೈ ಮುಗಿದು ಕೀಲಿಯನ್ನು ಅವರಿಗೆ ಕೊಟ್ಟರು.

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾರಾಯ ನಿನ್ನ ಹೆಂಡತಿ! ಒಂದು ಫೋನ್ ಎತ್ಲಿಕ್ಕೆ ಆಗುದಿಲ್ಲವಾ?" ಎಂದು ಅವನ ಮೇಲೆ ಹಾರಿಬಿದ್ದೆ.

ಅವನಿಗೆ ನನ್ನ ಮಾತೂ ಕೇಳಲಿಲ್ಲ, ಖೋಲಿ ಹೋದದ್ದೂ ಕಾಣಲಿಲ್ಲ. ಪ್ರತಿ ಗಾಡಿ ಬಂದಾಗ ಸೇತುವೆಯ ಮೆಟ್ಟಿಲ ಹತ್ತಿರ ಓಡಿಹೋಗಿ ಇಳಿಯುವ ಹೆಂಗಸರ ಮುಖಗಳನ್ನೆಲ್ಲ ನೋಡಿ ತಿರುಗಿ ಬರುತ್ತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಗಾಡಿಯಿಂದ ಬಿದ್ದವರ ಸುದ್ದಿ ಈ ಊರಿನಲ್ಲಿ ದಿನಾ ಕೇಳುತ್ತೇವೆ, ನಮ್ಮವರಲ್ಲದಿದ್ದರೆ ಮರೆಯುತ್ತೇವೆ. ಅವನು ರೈಲ್ವೆ ಪೊಲೀಸಿನವನ ಹತ್ತಿರ ಹೋಗಿ, "ಕೋಯಿ ಲೇಡೀಸ್ ಗಿರಾ ಕ್ಯಾ ಸಾಬ್?" ಎಂದು ಕೇಳಿದಾಗ ನನ್ನ ಸಿಟ್ಟು ಇಳಿಯಿತು, ನಾನೂ ಮೆಟ್ಟಿಲ ಹತ್ತಿರ ಹೋಗಿ ನಿಂತೆ.

ಅಷ್ಟರಲ್ಲಿ ಫೋನು ಬಂತು. "ನಾ ವಿರಾರದಾಗ ಕುಂತೀನ್ರೀ," ಎಂದಳು ಇಂದ್ರಾಬಾಯಿ.

ಶರಣಬಸಪ್ಪ ಇದ್ದಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ನಾವು ವಿರಾರ್ ತಲುಪಿದಾಗ ಅವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ದಾದರ್‌ನ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಶೀತಲ ಎಂಬ ಮರಾಠಿ ಹೆಂಗಸು ವಡಾಪಾವ್ ಹಿಡಿದುಕೊಂಡು ತಿನ್ನು ತಿನ್ನು ಎಂದು ಒತ್ತಾಯಿಸುತ್ತಿದ್ದಳು. ಬೋರಿವಲಿ ಎಂದು ಕೇಳಿದ ಕೂಡಲೇ ಇವಳಿಗೆ ಹುಚ್ಚೇ ಎಂದು ಮೊದಲು ಬೈದವಳೂ ಈ ಶೀತಲಳೇ ಅಂತೆ. ಬೋರಿವಲಿಯಲ್ಲಿ ಬಾಗಿಲ ಹತ್ತಿರದವರು ಜಾಗ ಬಿಡಲಿಲ್ಲ, ಅದರ ಮೇಲೆ ಇನ್ನಷ್ಟು ಜನ ಒಳನುಗ್ಗಿದರು, ಚಪ್ಪಲಿ ಕಾಲಿನಿಂದ ಹೋಯಿತು, ಕೈಚೀಲ ಎದೆಗೆ ಒತ್ತಿಕೊಂಡು ಫೋನು ತೆಗೆಯಲು ಬೆರಳೂ ಆಡಲಿಲ್ಲ. ಇಂದ್ರಾಬಾಯಿ ಅಳತೊಡಗಿದಾಗ ಶೀತಲ ಅವಳನ್ನು ಒಳಗೆಳೆದು, ತಾನು ಎದ್ದು ತನ್ನ ಜಾಗದಲ್ಲಿ ಕೂರಿಸಿದಳು.

ಹೆಂಡತಿ ಕಣ್ಣಿಗೆ ಬಿದ್ದದ್ದೇ ತಡ, ಶರಣಬಸಪ್ಪ ಕೂಗಾಡಿದ. ಅವನು ಕೂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಫೋನರ ಮಾಡಬಾರದಾ? ಎಲ್ಲಿ ಬಿದ್ದಾಳೋ ಏನಾಗ್ಯಾಳೋ ಅಂತ ಜೀವ ಕೈಯಾಗ ಹಿಡ್ಕೊಂಡು ನಿಂತೀನಿ ಅಲ್ಲಿ! ಕಾಯೋರ ಗತಿ ಏನು ಅಂತ ಗೊತ್ತದ ಏನು ನಿನಗ?"

ಇಂದ್ರಾಬಾಯಿ ತಲೆ ಎತ್ತಿ ಅವನನ್ನು ನೋಡಿದಳು. ದನಿ ಏರಿಸಲಿಲ್ಲ.

"ಒಂದು ಸಂಜಿಗೇ ಹಿಂಗಾತಾ ನಿಮಗ? ನಾ ಎಂಟು ವರ್ಷ ಊರಾಗ ಕಾದೆ. ಇಲ್ಲಿಗಿ ಬಂದ ಮ್ಯಾಲೂ ದಿನಾ ಅನ್ನ ಮುಚ್ಚಿಟ್ಟು ಬಾಗಲಾ ನೋಡ್ಕೋತ ಕೂಡ್ಲತ್ತೀನಿ. ಗಾಡಿ ಲೇಟ್ ಆದ್ರ ನನ್ನ ಜೀವನೂ ಹಿಂಗೇ ಹೋಗ್ತದ. ಒಂದಿನರ ಕೂಗ್ಯಾಡೀನೇನು?"

ಶರಣಬಸಪ್ಪನ ಕಣ್ಣಲ್ಲಿ ನೀರು ಬಂತು, ನಾನು ಆ ಕಡೆ ತಿರುಗಿ ಗಾಡಿಗಳ ವೇಳೆ ತೋರಿಸುವ ಇಂಡಿಕೇಟರ್ ನೋಡಿದೆ.

ಶೀತಲಳಿಗೆ ಕನ್ನಡ ತಿಳಿಯದಿದ್ದರೂ ಸಂಗತಿ ತಿಳಿಯಿತು. ನಮ್ಮ ಚಾಳಿನಲ್ಲಿ ಒಂದು ಖೋಲಿ ಖಾಲಿ ಇದೆ, ವಿರಾರ್‌ನವಳಾದರೆ ಈ ಗಾಡಿ ಇವಳದ್ದೂ ಹೌದು, ಬೆಳಿಗ್ಗೆ ನಮ್ಮ ಗ್ರೂಪಿನಲ್ಲಿ ಕೂರಿಸಿಕೊಳ್ಳುತ್ತೇವೆ, ಆಗ ಯಾರು ಬೈಯುತ್ತಾರೋ ನೋಡೋಣ ಎಂದು ಹಿಂದಿಯಲ್ಲಿ ಹೇಳಿದಳು. ನಾನು ತಡೆಯಲು ಹೋದೆ. ಇಷ್ಟೆಲ್ಲ ಆದ ಮೇಲೂ ಇದೇ ಗಾಡಿಯಾ, ಮಂಡೆ ಸಮ ಉಂಟಾ ನಿಮಗೆ, ಬೋರಿವಲಿಯಲ್ಲೇ ಬೇರೆ ಖೋಲಿ ನೋಡುವ ಎಂದೆ.

"ಬ್ಯಾಡ್ರಿ ಅಣ್ಣಾರ," ಎಂದಳು ಇಂದ್ರಾಬಾಯಿ. "ಬೋರಿವಲ್ಯಾಗ ನಾ ಮೊದಲು ಮನಿ ಮುಟ್ತೀನಿ, ಮತ್ತ ಬಾಗಲಾ ಕಾಯೂದೇ ಬರ್ತದ. ಇಲ್ಲಿ ಕುಂತಾಗ ನೋಡ್ದೆ. ಇವರ ಗುಜರಾತ ಗಾಡಿನೂ ಇಲ್ಲೇ ಬರ್ತದ, ನನ್ನ ಗಾಡಿನೂ ಇಲ್ಲೇ ಬರ್ತದ. ಮೊದಲು ಬಂದವರು ಈ ಕಟ್ಟಿ ಮ್ಯಾಲ ಕೂಡಬೇಕು. ಇಬ್ಬರೂ ಬಂದ ಮ್ಯಾಲೇ ಮನಿ ಕೀಲಿ ತೆಗೀಬೇಕು."

ಗಂಡನನ್ನು ಅವಳು ಕೇಳಲೂ ಇಲ್ಲ. ಅವನೂ ತಕರಾರು ತೆಗೆಯಲಿಲ್ಲ.

ವಿರಾರ್‌ಗೆ ಹೋಗಿ ಈಗ ವರ್ಷ ದಾಟಿದೆ. ಸುಖವಾಗಿದ್ದಾರೆ ಎಂದು ಬಣ್ಣ ಹಚ್ಚಿ ಹೇಳಲಾರೆ. ನೀರು ದಿನ ಬಿಟ್ಟು ದಿನ ಬರುತ್ತದೆ. ಶೀತಲಳ ಗ್ರೂಪು ಇದ್ದರೂ ಕೆಲವು ದಿನ ಇಂದ್ರಾಬಾಯಿ ದಾದರ್‌ವರೆಗೆ ನಿಂತೇ ಹೋಗುತ್ತಾಳೆ, ಆಮೇಲೆ ನೆಲದಲ್ಲಿ ಕುಳಿತು ರೊಟ್ಟಿ ಬಡಿಯಬೇಕು. ಸಯನ್‌ನ ನಾಲ್ಕು ಮನೆಗಳಲ್ಲಿ ಮೂರು ಉಳಿದಿವೆ. ಶರಣಬಸಪ್ಪನಿಗೆ ಮಾತ್ರ ಹೋದ ನಿದ್ದೆ ತಿರುಗಿ ಬಂದಂತಾಗಿದೆ, ಮೈ ಸ್ವಲ್ಪ ತುಂಬಿದೆ.

ಕಳೆದ ತಿಂಗಳು ಆ ಕಡೆ ಕೆಲಸವಿತ್ತು, ಸಂಜೆ ವಿರಾರ್ ಸ್ಟೇಷನ್ನಿಗೆ ಹೋದೆ. ಶರಣಬಸಪ್ಪ ಮೊದಲೇ ಬಂದು ಬೆಂಚಿನ ಮೇಲೆ ಕುಳಿತಿದ್ದ. ಅಲ್ಲಲ್ಲ, ಕುಳಿತಿರಲಿಲ್ಲ, ಏಳುತ್ತಿದ್ದ, ಕೂರುತ್ತಿದ್ದ. ಅಂದು ಗಾಡಿಗಳೆಲ್ಲ ತಡವಾಗಿ ಬರುತ್ತಿದ್ದವು. ನಾನು ಚಹಾ ತಂದರೆ ಕುಡಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡ.

"ಫೋನ್ ಮಾಡಿ ಕೇಳು ಮಾರಾಯ, ಎಲ್ಲಿದ್ದಾಳೆ ಅಂತ," ಎಂದೆ.

"ಮಾಡೀನ್ರಿ. ವಸಯಿ ದಾಟ್ಯಾಳ. ಖರೆ ಕಣ್ಣಿಗಿ ಕಾಣೋ ತನಕ ಸಮಾಧಾನ ಇರಂಗಿಲ್ಲ." ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟು ಹಳಿಯ ಕಡೆ ನೋಡಿದ. "ಅಣ್ಣಾರ, ಆಗ ಊರಾಗ ಮನ್ಯಾಗ ಫೋನೂ ಇರ್ಲಿಲ್ಲ. ಎಂಟು ವರ್ಷ ಆಕಿ ಹ್ಯಾಂಗ ಇದ್ಳು?"

ಗಾಡಿ ಬಂತು, ಅವನು ಲೇಡೀಸ್ ಡಬ್ಬಿಯ ಕಡೆ ಓಡಿದ.